ಸಂಬಳವನ್ನು ಲೆಡ್ಜರ್‌ಗೆ ಕೈಯಾರೆ ಹಾಕುವುದು: ನೆಟ್, ಗ್ರಾಸ್, ಕ್ಲಿಯರಿಂಗ್

ಪೇರೋಲ್ ಶೀಟ್ ಒಂದು ಕಡೆ, ಅಕೌಂಟ್ಸ್ ಇನ್ನೊಂದು ಕಡೆ ಇದ್ದರೆ ತಿಂಗಳ ಕೊನೆಗೆ ಯಾರಾದರೂ ಕೂತು ಸಂಬಳವನ್ನು ಲೆಕ್ಕದ ಮುಖ್ಯ ಪುಸ್ತಕವಾದ ಲೆಡ್ಜರ್‌ಗೆ ಹಾಕಲೇಬೇಕು. ಅದಕ್ಕೆ ಒಬ್ಬೊಬ್ಬ ಅಕೌಂಟೆಂಟ್ ಒಂದೊಂದು ದಾರಿ ಹೇಳುತ್ತಾರೆ. ಮುಖ್ಯವಾದವನ್ನು ನಾನು ಬಳಸಿ ನೋಡಿದ್ದೇನೆ. ಹೋಲಿಸಲು ಒಂದೇ ಲೆಕ್ಕ ಇಟ್ಟುಕೊಳ್ಳೋಣ. ಗ್ರಾಸ್ ಸಂಬಳ, ಅಂದರೆ ಕಡಿತಕ್ಕೆ ಮುಂಚಿನ ಪೂರ್ತಿ ಸಂಬಳ, 1,00,000. ಅದರಲ್ಲಿ ತೆರಿಗೆ ಕಡಿತ 8,000, ನಿವೃತ್ತಿ ನಿಧಿಗೆ ನೌಕರರ ಪಾಲು 12,000, ಹಿಂದೆ ಕೊಟ್ಟ ಅಡ್ವಾನ್ಸ್ ವಸೂಲಿ 5,000. ಕೈಗೆ ಸಿಗುವ ನೆಟ್ 75,000. ನಿಧಿಗೆ ಕಂಪನಿಯ ಪಾಲು ಬೇರೆ, ಅದೂ 12,000.

ಎಲ್ಲಕ್ಕಿಂತ ಸುಲಭ ನೆಟ್ ದಾರಿ. ಬ್ಯಾಂಕಿನಿಂದ ಹೋದ 75,000ವನ್ನು ಸಂಬಳದ ಖರ್ಚಿಗೆ ಡೆಬಿಟ್ ಮಾಡಿ ಮುಗಿಸುವುದು. ತೆರಿಗೆ, ನಿಧಿ ಕಟ್ಟಿದ ದಿನ ಅವನ್ನೂ ಖರ್ಚಿಗೆ ಹಾಕುವುದು. ಈಗ ಕೂಡಿಸಿ ನೋಡಿ: 75,000, 8,000, ನಿಧಿಯ ಎರಡೂ ಪಾಲು 24,000 ಸೇರಿ 1,07,000. ನಿಜವಾದ ಖರ್ಚು 1,12,000 ಅಲ್ವಾ? ಉಳಿದ 5,000 ಅಡ್ವಾನ್ಸ್ ಖಾತೆಯಲ್ಲಿ ಇನ್ನೂ ವಸೂಲಾಗದ ಹಾಗೆ ಕೂತಿರುತ್ತದೆ. ಸಾಲದ್ದಕ್ಕೆ, ಕಡಿತದ ಹಣವನ್ನು ಮುಂದಿನ ತಿಂಗಳು ಕಟ್ಟುವುದಾದರೆ ಈ ತಿಂಗಳ ಬಾಕಿ ಎಲ್ಲೂ ಕಾಣುವುದಿಲ್ಲ. ಒಬ್ಬಿಬ್ಬರೇ ನೌಕರರಿದ್ದರೂ ನಾನು ಇದನ್ನು ಒಪ್ಪುವುದಿಲ್ಲ.

ಗ್ರಾಸ್ ದಾರಿಯಲ್ಲಿ ಒಂದೇ ದೊಡ್ಡ ಜರ್ನಲ್ ಎಂಟ್ರಿ, ಅಂದರೆ ಡೆಬಿಟ್ ಮೊತ್ತವೂ ಕ್ರೆಡಿಟ್ ಮೊತ್ತವೂ ಸಮವಾಗಿರಬೇಕಾದ ನಮೂದು. ಸಂಬಳದ ಖರ್ಚಿಗೆ 1,00,000 ಡೆಬಿಟ್. ತೆರಿಗೆ ಬಾಕಿ 8,000, ನಿಧಿ ಬಾಕಿ 12,000, ಅಡ್ವಾನ್ಸ್ 5,000, ಸಂಬಳ ಬಾಕಿ 75,000 ಕ್ರೆಡಿಟ್. ಕಂಪನಿಯ ಪಾಲಿಗೆ ಇನ್ನೊಂದು ಚಿಕ್ಕ ಎಂಟ್ರಿ: ಖರ್ಚಿಗೆ 12,000 ಡೆಬಿಟ್, ನಿಧಿ ಬಾಕಿಗೆ ಕ್ರೆಡಿಟ್. ಹಣ ಹೋದ ದಿನ ಸಂಬಳ ಬಾಕಿ ಡೆಬಿಟ್, ಬ್ಯಾಂಕ್ ಕ್ರೆಡಿಟ್. ಖರ್ಚು ಕೆಲಸ ನಡೆದ ತಿಂಗಳಲ್ಲೇ ಬೀಳುತ್ತದೆ, ಯಾರಿಗೆ ಎಷ್ಟು ಕೊಡಬೇಕು ಅನ್ನುವುದೂ ಒಂದೇ ನೋಟಕ್ಕೆ ಸಿಗುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. 75,000 ಎಲ್ಲಿಂದ ಬಂತು? ಗ್ರಾಸ್‌ನಿಂದ ಕಡಿತಗಳನ್ನು ಕಳೆದು ನೀವೇ ಬರೆದರೆ ಎಂಟ್ರಿ ಸುಮ್ನೆ ತಾಳೆಯಾಗುತ್ತದೆ. ಒಂದು ಕಡಿತ ಬಿಟ್ಟುಹೋಗಿದ್ದರೂ ತಾಳೆಯಾಗುತ್ತದೆ! ನೆಟ್ ಮೊತ್ತವನ್ನು ಪೇರೋಲ್ ಶೀಟಿನಿಂದಲೇ ತೆಗೆದುಕೊಳ್ಳಬೇಕು. ಹಣ ಹೋದ ಮೇಲೆ ಸಂಬಳ ಬಾಕಿ ಸೊನ್ನೆಯಾಯಿತೇ ಎಂದೂ ನೋಡಬೇಕು.

ಕ್ಲಿಯರಿಂಗ್ ಖಾತೆಯ ದಾರಿಯಲ್ಲಿ ಈ ನೋಡುವ ಕೆಲಸವೇ ನಡುಮಧ್ಯೆ ಬಂದು ಕೂರುತ್ತದೆ. ಇದು ಮೊತ್ತಗಳು ಹಾದುಹೋಗಲು ಮಾತ್ರ ಇಟ್ಟ ತಾತ್ಕಾಲಿಕ ಖಾತೆ. ಗ್ರಾಸ್ 1,00,000 ಸಂಬಳದ ಖರ್ಚಿಗೆ ಡೆಬಿಟ್, ಕ್ಲಿಯರಿಂಗ್‌ಗೆ ಕ್ರೆಡಿಟ್. ಪ್ರತಿ ಕಡಿತವೂ, ಬ್ಯಾಂಕಿನಿಂದ ಹೋದ ಪ್ರತಿ ಪಾವತಿಯೂ ಅದಕ್ಕೆ ಡೆಬಿಟ್. ಕೊನೆಗೆ ಸೊನ್ನೆ ಉಳಿಯಬೇಕು. ಬ್ಯಾಂಕ್ ಪುಸ್ತಕ ಒಬ್ಬರು, ಜರ್ನಲ್ ಇನ್ನೊಬ್ಬರು ಬರೆಯುವ ಕಡೆ ಇದು ತುಂಬಾ ಅನುಕೂಲ. ಒಬ್ಬರ 15,000 ಬ್ಯಾಂಕಿನಿಂದ ವಾಪಸ್ ಬಂತು ಅನ್ನಿ, ಅಷ್ಟೂ ಕ್ರೆಡಿಟ್ ಆಗಿ ಅಲ್ಲೇ ನಿಲ್ಲುತ್ತದೆ. ಕೆಲಸ ಬಿಟ್ಟವರ ಕೊನೆಯ ಲೆಕ್ಕ ತಿಂಗಳ ನಡುವೆ ಬಂದರೂ ತೊಂದರೆಯಿಲ್ಲ.

ಆದರೆ ಸೊನ್ನೆಯನ್ನು ಪೂರ್ತಿ ನಂಬಬೇಡಿ. ತೆರಿಗೆಯ 8,000 ತಪ್ಪಿ ನಿಧಿ ಬಾಕಿಗೆ ಹೋದರೂ ಕ್ಲಿಯರಿಂಗ್ ಸೊನ್ನೆಯೇ. ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಅಷ್ಟೇ ಕಮ್ಮಿ ಹೋದರೂ ಸೊನ್ನೆಯೇ. ಬಾಕಿ ಖಾತೆಗಳನ್ನು ಕಟ್ಟಿದ ರಸೀದಿಗಳ ಜೊತೆ ತಾಳೆ ನೋಡುವುದು ಯಾವ ದಾರಿಯಲ್ಲೂ ತಪ್ಪುವುದಿಲ್ಲ.

ನೌಕರರೊಬ್ಬೊಬ್ಬರಿಗೂ ಬೇರೆ ಎಂಟ್ರಿ ಹಾಕುವವರೂ ಇದ್ದಾರೆ. ತಪ್ಪು ಹುಡುಕಲು ಸುಲಭ, ನಿಜ. ಆದರೆ ಲೆಡ್ಜರ್ ತೆರೆಯಬಲ್ಲ ಎಲ್ಲರಿಗೂ ಎಲ್ಲರ ಸಂಬಳ ಗೊತ್ತಾಗುತ್ತದೆ. ಆ ವಿವರ ಪೇರೋಲ್ ರಿಜಿಸ್ಟರ್‌ನಲ್ಲೇ ಇರಲಿ.

ವಾರದ ಸಂಬಳ ಕೊಡುವ ಕಡೆ ಇನ್ನೊಂದು ಕೆಲಸ ಸೇರುತ್ತದೆ. ಐದು ದಿನದ ವಾರದಲ್ಲಿ ಎರಡು ದಿನ ಹಳೇ ತಿಂಗಳಿಗೆ ಸೇರಿದ್ದರೆ ಐದರಲ್ಲಿ ಎರಡು ಭಾಗವನ್ನು ಆ ತಿಂಗಳ ಕೊನೆಗೆ ಬಾಕಿ ಎಂದು ತೋರಿಸಿ, ಹೊಸ ತಿಂಗಳ ಮೊದಲ ದಿನ ಉಲ್ಟಾ ಎಂಟ್ರಿ ಹಾಕಬೇಕು.

ನನ್ನ ಆಯ್ಕೆ? ಎಲ್ಲರಿಗೂ ಒಂದೇ ದಿನ, ಒಂದೇ ಬ್ಯಾಂಕಿನಿಂದ ಹಣ ಹೋಗುವುದಾದರೆ ಗ್ರಾಸ್ ಎಂಟ್ರಿ ಸಾಕು. ಪಾವತಿ ತುಂಡುತುಂಡಾಗಿ ಹೋಗುವ ಕಡೆ ಕ್ಲಿಯರಿಂಗ್ ಖಾತೆ ತೆರೆಯುತ್ತೇನೆ.