ಮರಗೆಲಸದ ಮೊದಲ ಉಪಕರಣಗಳು: ಕೆಲವು ವರ್ಷ ಬಳಸಿದ ಮೇಲೆ

ಮರಗೆಲಸ ಕಲಿಯಬೇಕು ಅಂದರೆ ಅಂಗಡಿಯವರು ಮೊದಲು ತೋರಿಸುವುದು ಪ್ಲಾಸ್ಟಿಕ್ ಪೆಟ್ಟಿಗೆಯ ದೊಡ್ಡ ಸೆಟ್. ಅದನ್ನು ಬಿಟ್ಟು ನಾನು ಬಿಡಿಬಿಡಿಯಾಗಿ ಕೊಂಡೆ: ಮೂರು ಉಳಿ, ಗರಗಸ, ಮರ ಹೆರೆದು ನಯ ಮಾಡುವ ಹತ್ತರಿ, ಮೂಲೆ ನೇರ ಇದೆಯೇ ಎಂದು ನೋಡುವ ಮೂಲೆಮಟ್ಟ, ಹಲಗೆ ಬಿಗಿ ಹಿಡಿಯುವ ಎರಡು ಸಿ ಕ್ಲಾಂಪ್. ಉಳಿಗೆ ಹೊಡೆಯುವ ಕೊಡತಿಯನ್ನು ಹಲಸಿನ ತುಂಡಿನಲ್ಲಿ ಮಾಡಿಕೊಂಡೆ. ಮನೆಯ ಸ್ಟೂಲು, ಪುಸ್ತಕದ ಶೆಲ್ಫು ಎಲ್ಲ ಇಷ್ಟರಲ್ಲೇ ಆಗಿವೆ.

ಜಿಪುಣತನ ಎಲ್ಲಾದರೂ ಮಾಡಿ, ಉಳಿಯಲ್ಲಿ ಬೇಡ. 6, 12, 25 ಮಿ.ಮೀ. ಅಗಲದವು ಸಾಕು. ನನ್ನ ಕೈಯಲ್ಲಿ ಜಾಸ್ತಿ ಇರುವುದು 12ರದ್ದು. ಹೊಸ ಉಳಿ ಸಾಮಾನ್ಯವಾಗಿ ಪೂರ್ತಿ ಹರಿತ ಇರುವುದಿಲ್ಲ. ಮೊದಲು ಬೆನ್ನು, ಅಂದರೆ ಇಳಿಜಾರಿಲ್ಲದ ಬದಿ, ಚಪ್ಪಟೆ ಮಾಡಬೇಕು. ಆಮೇಲೆ ಇಳಿಜಾರು 25 ಡಿಗ್ರಿ, ತುದಿಗೆ ಮಾತ್ರ 30. ಒಳ್ಳೆಯ ಸಾಣೆಕಲ್ಲು ದುಬಾರಿ ಅನಿಸಿದರೆ ದಪ್ಪ ಗಾಜಿನ ಮೇಲೆ 400, 1000, 2000 ನಂಬರಿನ ವಾಟರ್ ಪೇಪರ್ ಹಾಸಿ ಮಸೆಯಿರಿ. ಬೆನ್ನಿನ ಕಡೆಗೆ ಲೋಹದ ಸಣ್ಣ ಗರಿ (ತೆಳು ಅಂಚು) ಎದ್ದಿದ್ದು ಬೆರಳಿಗೆ ತಾಗಬೇಕು. ತಾಗದಿದ್ದರೆ ಮಸೆತ ಇನ್ನೂ ತುದಿ ಮುಟ್ಟಿಲ್ಲ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಅಗ್ಗದ ಸಿಲ್ವರ್ ಓಕ್‌ನಲ್ಲಿ ಕೈ ಪಳಗಿಸಿಕೊಳ್ಳಿ.

ಗರಗಸ ಜಪಾನಿನ ರ್ಯೋಬಾ ಮಾದರಿಯದು. ಒಂದು ಅಂಚು ಉದ್ದಕ್ಕೆ ಸೀಳಲು, ಇನ್ನೊಂದು ಅಡ್ಡ ಕೊಯ್ಯಲು. ಎಳೆದಾಗ ಕೊಯ್ಯುತ್ತದೆ, ಹಾಗಾಗಿ ಅಲಗು ತೆಳು, ಗೀರೂ ಸಣ್ಣದು. ನಮ್ಮ ಗರಗಸದಂತೆ ಒತ್ತಿ ತಳ್ಳಿದರೆ ಬಾಗುತ್ತದೆ. ಹಲ್ಲುಗಳನ್ನು ಗಟ್ಟಿ ಮಾಡಿರುವುದರಿಂದ ಬಹಳ ದಿನ ಬಾಳುತ್ತದೆ, ಆದರೆ ಮೊಂಡಾದರೆ ಅರ ಹಿಡಿಯುವುದಿಲ್ಲ. ಅಲಗನ್ನೇ ಬದಲಿಸಬೇಕು.

ಬೇಸರ ತರಿಸಿದ್ದು ಹತ್ತರಿ. 4ನೇ ನಂಬರಿನ (ಅಳತೆಯ ಗುರುತು) ಕಬ್ಬಿಣದ್ದು, ಕಡಿಮೆ ಬೆಲೆಯದು. ತಳ ಸಮ ಇರಲಿಲ್ಲ, ಹಿಡಿಯೂ ಅಲ್ಲಾಡುತ್ತಿತ್ತು. ಗಾಜಿನ ಮೇಲೆ ಪೇಪರ್ ಅಂಟಿಸಿ ತಳ ಉಜ್ಜಿ, ಚಿಪ್ ಬ್ರೇಕರನ್ನು (ಅಲಗಿನ ಮೇಲೆ ಕೂರುವ ಕಬ್ಬಿಣದ ಪಟ್ಟಿ) ಅಲಗಿನ ತುದಿಯಿಂದ ಸುಮಾರು 1 ಮಿ.ಮೀ. ಹಿಂದೆ ಕೂರಿಸಿದ ಮೇಲೆ ತೆಳ್ಳನೆಯ ಹೊಟ್ಟು ಬರತೊಡಗಿತು. ಇಷ್ಟು ತಾಳ್ಮೆ ಇಲ್ಲದವರು ಇನ್ನಷ್ಟು ದುಡ್ಡು ಹಾಕಿ ಒಳ್ಳೆಯದನ್ನೇ ತಗೊಳ್ಳಿ. ಮಳೆಗಾಲದಲ್ಲಿ ಎಲ್ಲ ಕಬ್ಬಿಣಕ್ಕೂ ಹೊಲಿಗೆ ಮಷಿನ್ ಎಣ್ಣೆ ಸವರಲೇಬೇಕು.

ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿನ ಹಲಗೆಗೆ ಒತ್ತಿ ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಕೂಡದಿದ್ದರೆ ವಾಪಸ್ ಕೊಡಿ. ಅಂಗಡಿಯವರು ಗೊಣಗಬಹುದು, ಗೊಣಗಲಿ ಬಿಡಿ.