ಕೆಕ್ ಲೋಕ್ ಸಿಗೆ ಹೋದರೆ ಕೆಳಗಿನಿಂದಲೇ ಹತ್ತಿ

ಮಲೇಷ್ಯಾದ ಪೆನಾಂಗ್‌ನಲ್ಲಿ ಗುಡ್ಡದ ಮೇಲಿರುವ ಕೆಕ್ ಲೋಕ್ ಸಿ ಬೌದ್ಧ ದೇವಸ್ಥಾನಕ್ಕೆ ಅಮ್ಮನ ಜೊತೆ ಹೋಗಿದ್ದೆ. ಜಾರ್ಜ್ ಟೌನ್‌ನಲ್ಲಿ 204ನೇ ನಂಬರ್ ಬಸ್ ಹತ್ತಿ, ಏರ್ ಇಟಾಮ್ ಪೇಟೆಯಲ್ಲಿ ಇಳಿದೆವು. ಕಾರಿದ್ದರೆ ಸೀದಾ ಮೇಲಕ್ಕೂ ಹೋಗಬಹುದು. ಆದರೆ ಕಾಲಲ್ಲಿ ಕಸುವಿದ್ದರೆ ಕೆಳಗಿನಿಂದಲೇ ಹತ್ತಿ.

ಯಾಕೆ ಅಂದರೆ, ಆಮೆಗಳ ಕೊಳ ಸಿಗುವುದು ಆ ಮೆಟ್ಟಿಲ ದಾರಿಯಲ್ಲೇ. ಎರಡೂ ಕಡೆ ಅಂಗಡಿಗಳ ಸಾಲು ದಾಟಿ ಬಂದರೆ, ಒಂದರ ಬೆನ್ನ ಮೇಲೊಂದು ಹತ್ತಿ ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಚೀನೀಯರಿಗೆ ಆಮೆ ದೀರ್ಘಾಯುಸ್ಸಿನ ಗುರುತು. ಕೊಳಕ್ಕೆ ಆಮೆ ತಂದು ಬಿಟ್ಟರೆ ಪುಣ್ಯ ಅನ್ನುವ ನಂಬಿಕೆ. ಅಮ್ಮ ಒಂದು ಕಟ್ಟು ಸೊಪ್ಪು ಕೊಂಡಳು. ಒಂದು ಮುದಿ ಆಮೆ ಕತ್ತು ಚಾಚಿ, ದಂಟನ್ನು ಕಚ್ಚಿ ಎಳೆಯಿತು. ಅಮ್ಮ ಬಿಡಲಿಲ್ಲ, ಅದೂ ಬಿಡಲಿಲ್ಲ. ಮಂಡಿ ನೋವು ಮರೆತು ಅರ್ಧ ಗಂಟೆ ಅಲ್ಲೇ ನಿಂತಿದ್ದಳು.

ನನಗೆ ಜಾಸ್ತಿ ಹಿಡಿಸಿದ್ದು ಏಳು ಅಂತಸ್ತಿನ ಗೋಪುರ. ಹತ್ತು ಸಾವಿರ ಬುದ್ಧರ ಗೋಪುರ ಅಂತ ಹೆಸರು. 1930ರಲ್ಲಿ ಕಟ್ಟಿ ಮುಗಿಸಿದ್ದು. ಬುಡ ಚೀನೀ ಶೈಲಿಯ ಎಂಟು ಮೂಲೆಯದು, ನಡು ಥಾಯ್, ತುದಿ ಬರ್ಮಾದ್ದು. ಅಡಿಗಲ್ಲು ಇಟ್ಟವರು ಥಾಯ್ಲೆಂಡಿನ ದೊರೆ ಆರನೇ ರಾಮ. ಮೂರು ನಾಡಿನ ಬೌದ್ಧರು ಒಂದೇ ಗೋಪುರದಲ್ಲಿ ಸೇರಿದ್ದಾರೆ ಅಲ್ವಾ, ಅದನ್ನು ಕೆಳಗೆ ನಿಂತು ಸುಮ್ನೆ ನೋಡುತ್ತಿದ್ದರೂ ಸಾಕು ಅನಿಸಿತು. ಒಳಗಿನ ಮೆಟ್ಟಿಲು ಇಕ್ಕಟ್ಟು. ಅಮ್ಮ ಕೆಳಗೇ ಕೂತಳು, ನಾನು ಹತ್ತಿದೆ. ಮೇಲಿನಿಂದ ಊರೂ ಕಾಣುತ್ತದೆ, ಅದರಾಚೆ ಸಮುದ್ರವೂ ಕಾಣುತ್ತದೆ.

ಇಳಿದು ಬಂದರೆ ಅಮ್ಮನ ಕೈಯಲ್ಲಿ ಒಂದು ಕೆಂಪು ರಿಬ್ಬನ್. ಒಂದೊಂದು ಬಣ್ಣದ ರಿಬ್ಬನ್ ಮೇಲೆ ಒಂದೊಂದು ಹರಕೆ ಅಚ್ಚಾಗಿರುತ್ತದೆ. ನಮ್ಮ ಹೆಸರು ಬರೆದು ಕಟ್ಟಬೇಕು. ಅಮ್ಮ ಕನ್ನಡದಲ್ಲೇ ಅಪ್ಪನ ಹೆಸರು ಬರೆದಿದ್ದಳು.

ಕರುಣೆಯ ದೇವತೆ ಕುವಾನ್ ಯಿನ್ ವಿಗ್ರಹ ಇರುವುದು ಇನ್ನೂ ಮೇಲೆ. ಮೆಟ್ಟಿಲು ಬೇಡ ಅನ್ನುವವರಿಗೆ ಗುಡ್ಡದ ಇಳಿಜಾರಿನಲ್ಲಿ ಹಳಿ ಮೇಲೆ ಹೋಗುವ ಲಿಫ್ಟ್ ಇದೆ, ಟಿಕೆಟ್ ಬೇರೆ. ಕಂಚಿನ ವಿಗ್ರಹ, 30.2 ಮೀಟರ್ ಎತ್ತರ, 2002ರಲ್ಲಿ ಮುಗಿದದ್ದು. ಅದಕ್ಕೆ 16 ಕಂಬಗಳ ಚಾವಣಿ ಆಮೇಲೆ ಬಂತು. ಅಮ್ಮ ಕತ್ತೆತ್ತಿ ನೋಡಿ, ಕೈ ಮುಗಿದು, ನಮ್ಮೂರ ಗುಡಿಯಲ್ಲಿ ಹಾಕುವ ಹಾಗೇ ಪ್ರದಕ್ಷಿಣೆ ಹಾಕಿದಳು.

ನಾವು ಮಟಮಟ ಮಧ್ಯಾಹ್ನ ಹೋಗಿ ಸುಸ್ತಾದೆವು. ನೀವು ಬೆಳಿಗ್ಗೆಯೇ ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ, ನೀರು ಜೊತೆಗಿರಲಿ. ಚೀನೀ ಹೊಸ ವರ್ಷದ ಸಮಯವಾದರೆ ಸಂಜೆ ಹೋಗಿ. ಆಗ ಇಡೀ ಗುಡ್ಡಕ್ಕೆ ದೀಪ ಹಾಕಿರುತ್ತಾರೆ.