ಕಡಲ ಬದಿಯವರೇ, ಬೋರ್‌ವೆಲ್ ಏಜೆಂಟನಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆ ಕಡಲಿಗೆ ಹತ್ತಿರ ಇದ್ದರೆ, ಅಥವಾ ಬೇಸಿಗೆಯಲ್ಲಿ ಉಪ್ಪಾಗುವ ಹೊಳೆಯ ಬದಿಯಲ್ಲಿದ್ದರೆ, ಬೋರ್ ತೆಗೆಸಬೇಡಿ. ತೆಗೆಸಲೇಬೇಕು ಅಂತಿದ್ದರೆ ಇದನ್ನು ಪೂರ್ತಿ ಓದಿ, ಆಮೇಲೆ ನಿಮ್ಮಿಷ್ಟ. ನನಗೆ ಒಂದು ಲಕ್ಷ ಎಪ್ಪತ್ತು ಸಾವಿರದ ಮೇಲೆ ಹೋಯಿತು. ದುಡ್ಡು ಹೋದರೆ ಹಾಳಾಗಲಿ, ಆಚೆಮನೆಯವರ ಬಾವಿಯನ್ನೂ ಕೆಡಿಸಿ ಕೂತಿದ್ದೇನೆ. ಅದಕ್ಕೇ ಈ ಬರಹ.

ನಮ್ಮದು ಕುಂದಾಪುರದ ಕಡೆಯ ಪಡುಬದಿಯ ಊರು. ಪಡುವಿಗೆ ಕಡಲು, ಮೂಡಿಗೆ ಹೊಳೆ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಇರುವುದನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಊರು ಅಷ್ಟು ಇಕ್ಕಟ್ಟಲ್ಲ, ಆದರೆ ಲೆಕ್ಕ ಅದೇ. ಎರಡೂ ಬದಿ ನೀರು, ನಡುವೆ ಹೊಯ್ಗೆ (ಮರಳು), ಹೊಯ್ಗೆಯ ಮೇಲೆ ನಾವು.

ಇಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಜುಲೈಯಲ್ಲಿ ಬಾವಿಯ ನೀರನ್ನು ಬಗ್ಗಿ ಚೆಂಬಿನಲ್ಲೇ ತೆಗೆಯಬಹುದು. ಅದೇ ಬಾವಿ ಏಪ್ರಿಲ್ ಕೊನೆಗೆ ತಳ ಕಾಣಿಸುತ್ತದೆ. ನಮ್ಮದು 18 ಅಡಿಯ ರಿಂಗ್ ಬಾವಿ. ಅಪ್ಪನ ಕಾಲದಿಂದ ಅದೇ ಸಾಕಾಗುತ್ತಿತ್ತು. ಮಹಡಿ ಮೇಲೆ ಎರಡು ರೂಮು ಕಟ್ಟಿ ಬಾಡಿಗೆಗೆ ಕೊಟ್ಟ ಮೇಲೆ ಸಾಕಾಗಲಿಲ್ಲ. 2022ರ ಮೇ ತಿಂಗಳಲ್ಲಿ ಮೊಳಕಾಲುದ್ದ ನೀರು. ಟ್ಯಾಂಕರಿಗೆ ಫೋನ್ ಮಾಡಿದರೆ "ನಾಡಿದ್ದು" ಅನ್ನುತ್ತಾರೆ, ನಾಡಿದ್ದು ಮಾಡಿದರೆ ಫೋನ್ ಎತ್ತುವುದಿಲ್ಲ. ಬಾಡಿಗೆಯವರ ಎದುರು ಮುಖ ತೋರಿಸಲಿಕ್ಕೆ ಆಗುತ್ತಿರಲಿಲ್ಲ. ಆ ಸಿಟ್ಟಿನಲ್ಲಿ ಬೋರ್ ತೆಗೆಸುವ ತೀರ್ಮಾನ ಮಾಡಿದೆ.

ಮಳೆಗಾಲ ಮುಗಿದ ಮೇಲೆ ಏಜೆಂಟ್ ಬಂದ. ಬೋರ್ ಲಾರಿಗಳು ಹೆಚ್ಚಿನವು ತಮಿಳುನಾಡಿನ ತಿರುಚೆಂಗೋಡು ಕಡೆಯವು. ಅವನ್ನು ಕರೆಸಿ ಕೊರೆಸುವ ಏಜೆಂಟರು ಮಾತ್ರ ನಮ್ಮೂರಿನವರೇ. ಈತ ನಮ್ಮ ಭಾಷೆಯಲ್ಲೇ ಚೆಂದ ಮಾತಾಡಿದ. "ನೀರ್ ಬರದಿದ್ರೆ ದುಡ್ಡೇ ಬ್ಯಾಡ ಕಾಣಿ" ಅಂದ. ನನಗೆ ಅಷ್ಟೇ ಸಾಕಾಯಿತು. ಈ ಮಾತಲ್ಲಿ ಸುಳ್ಳೇನೂ ಇಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಕಡಲಿನಿಂದ ಅರ್ಧ ಮೈಲಿ ದೂರದಲ್ಲಿ ನೆಲ ಕೊರೆದರೆ ನೀರು ಬರದೆ ಇನ್ನೇನು ಬರುತ್ತದೆ? ಎಂಥ ನೀರು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅವನೇ ನೀರು ನೋಡುವವರನ್ನೂ ಕರೆದುಕೊಂಡು ಬಂದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಅವರು ಹಿತ್ತಲಲ್ಲಿ ಸುತ್ತಾಡಿದರು. ತುಳಸಿಕಟ್ಟೆಯಿಂದ ಹತ್ತು ಹೆಜ್ಜೆ ಬಡಗಿಗೆ ಕಾಯಿ ಎದ್ದು ನಿಂತಿತು. ಎರಡು ಸಾವಿರ ಕೊಟ್ಟೆ. ನಂಬಿಕೆಯ ವಿಷಯಕ್ಕೆ ನಾನು ಹೋಗುವುದಿಲ್ಲ. ಆದರೆ ನಮ್ಮ ಹಿತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಎಲ್ಲಿ ತೋಡಿದರೂ ಹದಿನೈದು ಅಡಿಗೆ ನೀರು ಸಿಗುತ್ತದೆ. ಕಾಯಿ ಎಲ್ಲಿ ನಿಂತರೂ ತಪ್ಪಾಗುವ ಹೆದರಿಕೆ ಇಲ್ಲ. ಉಪ್ಪು ಯಾವುದು, ಸಿಹಿ ಯಾವುದು ಎನ್ನುವುದು ಕಾಯಿಗೆ ತಿಳಿಯುವುದಿಲ್ಲ.

ಪಂಚಾಯತಿಗೆ ಹೇಳಬೇಡವಾ ಅಂತ ಕೇಳಿದೆ. "ಅದೆಲ್ಲ ನಾವ್ ಕಾಣ್ಕಂತ್" ಅಂದ. ಬೋರ್ ಕೊರೆಸುವ ಮುಂಚೆ 15 ದಿನ ಮೊದಲೇ ಸಂಬಂಧಪಟ್ಟವರಿಗೆ ಬರೆದು ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇದು ನನಗೆ ಆಗ ಗೊತ್ತಿರಲಿಲ್ಲ. ನಮ್ಮನೆಗೆ ಲಾರಿ ಬಂದದ್ದು ರಾತ್ರಿ ಹತ್ತೂವರೆಗೆ, ಹೋದದ್ದು ಬೆಳಗಿನ ಜಾವ. ರಾತ್ರಿಯೇ ಯಾಕೆ ಬರುತ್ತಾರೆ ಅಂತ ಆಗಲೇ ಯೋಚನೆ ಮಾಡಬೇಕಿತ್ತು.

ಈಗ ಬಿಲ್ಲಿನ ಕತೆ. ಕೊರೆಯಲಿಕ್ಕೆ ಅಡಿಗೆ 90 ರೂಪಾಯಿ ಅಂದಿದ್ದ. ಬೇರೆಯವರು ನೂರರ ಮೇಲೆ ಹೇಳಿದ್ದರು, ಇವನೇ ಕಡಿಮೆ ಅನಿಸಿತು. ಕೇಸಿಂಗ್ ಪೈಪಿಗೆ ಅಡಿಗೆ 450. "ನಲ್ವತ್ತ್ ಅಡಿ ಸಾಕ್" ಅಂದ. ಘಟ್ಟದ ಮೇಲೆ ಬೇಗ ಬಂಡೆ ಸಿಗುತ್ತದೆ, ಅಲ್ಲಿ ನಲವತ್ತು ಅಡಿ ಸಾಕಾಗಬಹುದು. ನಮ್ಮಲ್ಲಿ ಮೇಲೆ ಹೊಯ್ಗೆ, ಅದರ ಕೆಳಗೆ ಚಿಪ್ಪು ಸೇರಿದ ಕಪ್ಪು ಕೆಸರು, ಆಮೇಲೆ ಮುರಕಲ್ಲು, ಅದರಡಿ ಶೇಡಿಮಣ್ಣು, ಕೊನೆಗೆ ಬಂಡೆ. ಅಲ್ಲಿಯ ತನಕ ಪೈಪ್ ಇಳಿಸದಿದ್ದರೆ ಗುಂಡಿ ಕುಸಿಯುತ್ತದೆ. 130 ಅಡಿ ಕೇಸಿಂಗ್ ಹೋಯಿತು. ಒಟ್ಟು ಆಳ 260. ಕೊರೆದದ್ದಕ್ಕೆ 23,400, ಪೈಪಿಗೆ 58,500! ಮಧ್ಯರಾತ್ರಿ ಅರ್ಧ ಕೊರೆದ ಗುಂಡಿಯ ಮುಂದೆ ನಿಂತು ಯಾರು ಚೌಕಾಸಿ ಮಾಡುತ್ತಾರೆ ಹೇಳಿ. ಮೇಲೆ ಲಾರಿಯವರ ಬಾಟಾ ಅಂತ ಮೂರು ಸಾವಿರ. ಪಂಪು, ಪೈಪು, ವೈರಿಂಗ್ ಅಂತ ಇನ್ನು 48,000.

ಇದರಲ್ಲಿ ಇನ್ನೊಂದು ಮೋಸ ಅಡಗಿತ್ತು. ಕೊರೆದ ತೂತು ಪೈಪಿಗಿಂತ ಅಗಲ. ಪೈಪಿನ ಹೊರಗೆ ಸುತ್ತಲೂ ಸಂದು ಉಳಿಯುತ್ತದೆ. ಆ ಸಂದಿಗೆ ಸಿಮೆಂಟ್ ಹಾಲು ತುಂಬಿಸಿ ಮುಚ್ಚಬೇಕು. ಇಲ್ಲವಾದರೆ ಮೇಲಿನ ಕೆಸರಿನ ಉಪ್ಪುನೀರು ಪೈಪಿನ ಬೆನ್ನಿಗೇ ಇಳಿದು ಕೆಳಗೆ ಸೇರುತ್ತದೆ. ಏಜೆಂಟ್ "ಸೀಲ್ ಮಾಡ್ತೇವೆ" ಅಂದಿದ್ದ. ಮಾಡಿದ್ದು ಇಷ್ಟೇ: ಕೊರೆದಾಗ ಬಂದ ಹುಡಿಯನ್ನೇ ಸಂದಿಗೆ ದೂಡಿ, ಮೇಲೆ ಎರಡು ಬುಟ್ಟಿ ಕಾಂಕ್ರೀಟ್ ಹಾಕಿ ನುಣ್ಣಗೆ ಸವರಿದರು. ನೋಡಲಿಕ್ಕೆ ಬಹಳ ಚೆಂದ ಇತ್ತು.

ನವೆಂಬರಿನಲ್ಲಿ ನೀರು ಎಳನೀರಿನ ಹಾಗೆ ಬಂತು. ಏಜೆಂಟ್ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜ ಎಲ್ಲ ಸೇರಿ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುವುದು) ಇಟ್ಟು ತೋರಿಸಿದ, 180. ನಾವು ಆಚೆಮನೆಗೂ ಒಂದು ಕೊಡಪಾನ ಕೊಟ್ಟು ಬಂದೆವು, ಖುಷಿಯಲ್ಲಿ. ಮಳೆಗಾಲ ಮುಗಿದ ಕೂಡಲೇ ಕಡಲ ಬದಿಯಲ್ಲಿ ಎಲ್ಲಿ ನೋಡಿದರೂ ನೀರು ಸಿಹಿಯೇ. ಏಜೆಂಟರು ಅಕ್ಟೋಬರ್, ನವೆಂಬರಿನಲ್ಲಿ ಮನೆ ಮನೆ ಸುತ್ತುವುದು ಸುಮ್ನೆ ಅಲ್ಲ.

ಮಾರ್ಚ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಅಮ್ಮ ಕೇಳಿದರು, "ಗಂಜಿಗೆ ಉಪ್ಪ್ ಹಾಕಿದ್ಯಾ?" ಹಾಕಿರಲಿಲ್ಲ. ಮೀಟರ್ ತಂದು ಇಟ್ಟರೆ 900. ಏಪ್ರಿಲ್ ಹುಣ್ಣಿಮೆಯ ಭರತದ (ಕಡಲಿನ ಉಬ್ಬರದ) ಹೊತ್ತಿಗೆ 2,400. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುವ ಮಿತಿ 500. ಬೇರೆ ನೀರೇ ಇಲ್ಲ ಎಂದಾದರೆ 2,000 ತನಕ ಒಪ್ಪಬಹುದು ಅನ್ನುತ್ತಾರೆ. ನಾವು ಅದನ್ನೂ ದಾಟಿದ್ದೆವು. ಬೇಳೆ ಬೇಯುತ್ತಿರಲಿಲ್ಲ. ಸೋಪಿಗೆ ನೊರೆ ಇಲ್ಲ. ರಾತ್ರಿ ಬಕೆಟಿನಲ್ಲಿ ಹಿಡಿದಿಟ್ಟ ನೀರು ಬೆಳಿಗ್ಗೆ ಕೆಂಪು, ಕಬ್ಬಿಣದ ಅಂಶವೂ ಇತ್ತು. ಗೀಸರಿನ ಕಾಯಿಲ್ ಎರಡು ತಿಂಗಳಲ್ಲಿ ಹೋಯಿತು. ಅಮ್ಮ ಸಾಕಿದ್ದ ಹನ್ನೊಂದು ಮಲ್ಲಿಗೆ ಗಿಡದಲ್ಲಿ ಎಂಟು ಎಲೆಯ ಅಂಚು ಸುಟ್ಟುಕೊಂಡು ಸತ್ತವು. ದುಡ್ಡಿನ ವಿಷಯ ಅಮ್ಮ ಎತ್ತಲಿಲ್ಲ. ಗಿಡದ ವಿಷಯ ಇವತ್ತಿಗೂ ಎತ್ತುತ್ತಾರೆ.

ಏಜೆಂಟನಿಗೆ ಫೋನ್ ಮಾಡಿದೆ. "ನೀರ್ ಬಂದಿತ್ತಲ್ಲ?" ಅಂದ. ಬಂದಿತ್ತು, ಏನು ಹೇಳುವುದು? ಆಮೇಲೆ ಅವನೇ ಒಬ್ಬ ಫಿಲ್ಟರ್ ಮಾರುವವನ ನಂಬರ್ ಕೊಟ್ಟ. ನೋಡಿ, ಎರಡನೇ ಸಲ ಬಿದ್ದದ್ದು ಇಲ್ಲಿ. ಅವನು ಬಂದು 38,000ಕ್ಕೆ ವಾಟರ್ ಸಾಫ್ಟ್‌ನರ್ ಕೂರಿಸಿ ಹೋದ. "ಉಪ್ಪು ತೆಗೆಯುತ್ತದೆ" ಅಂದ. ದಯವಿಟ್ಟು ನೆನಪಿಟ್ಟುಕೊಳ್ಳಿ, ಸಾಫ್ಟ್‌ನರ್ ಉಪ್ಪು ತೆಗೆಯುವುದಿಲ್ಲ. ಅದು ಗಡಸುನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಅದನ್ನು ಆಗಾಗ ತೊಳೆಯಲಿಕ್ಕೆ ಹಾಕುವುದೇ ಉಪ್ಪು! ಮೂಟೆಗಟ್ಟಲೆ ಉಪ್ಪು ತಂದು ಉಪ್ಪುನೀರಿನ ಮೆಷಿನಿಗೆ ಸುರಿದ ಜಾಣ ನಾನು. ಉಪ್ಪು ಹೋಗಬೇಕಾದರೆ ಆರ್‌ಒ (ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಸೋಸುವ ಮೆಷಿನ್) ಬೇಕು. ಅಡುಗೆಮನೆಯ ಸಣ್ಣ ಆರ್‌ಒ ಇಷ್ಟು ಉಪ್ಪಿಗೆ ಬಾಳಿಕೆ ಬರುವುದಿಲ್ಲ. ಒಂದು ಕೊಡಪಾನ ಕೊಟ್ಟರೆ ಎರಡು ಮೂರು ಕೊಡಪಾನ ಹೊರಗೆ ಚೆಲ್ಲುತ್ತದೆ. ಆ ಚೆಲ್ಲುವ ನೀರು ಇನ್ನೂ ಜಾಸ್ತಿ ಉಪ್ಪು. ಅದನ್ನು ಹಿತ್ತಲಿಗೇ ಬಿಟ್ಟರೆ ಸೀದಾ ಬಾವಿಗೆ.

ಇಷ್ಟರಲ್ಲಿ ಆಚೆಮನೆ ಅಮ್ಮ ಒಂದು ಸಂಜೆ ಚೆಂಬು ಹಿಡಿದುಕೊಂಡು ಬಂದರು. ಕೂರಲಿಲ್ಲ. "ಮಗಾ, ನಮ್ ಬಾವಿ ನೀರ್ ಒಂಚೂರ್ ಕುಡ್ದ್ ಕಾಣ್" ಅಂದರು. ಕುಡಿದೆ. ಅರವತ್ತು ವರ್ಷ ಸಿಹಿ ಇದ್ದ ಬಾವಿ. ಮೀಟರಿನಲ್ಲಿ 780. ನಮ್ಮ ರಿಂಗ್ ಬಾವಿಯೂ ಅದೇ ದಾರಿ ಹಿಡಿದಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭ ಆಗುತ್ತಿತ್ತು.

ಯಾಕೆ ಹೀಗಾಯಿತು ಅಂತ ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಸಿಹಿನೀರು ಹಗುರ, ಕಡಲ ನೀರು ಸ್ವಲ್ಪ ಭಾರ. ನಮ್ಮ ಕಾಲಡಿಯಲ್ಲಿ ಉಪ್ಪುನೀರಿನ ಮೇಲೆ ಮಳೆನೀರು ಕೆನೆ ಕಟ್ಟಿದ ಹಾಗೆ ತೇಲಿಕೊಂಡಿದೆ. ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ತನಕ ಅದು ಉಪ್ಪನ್ನು ಒತ್ತಿ ಹಿಡಿದಿರುತ್ತದೆ. ಪಂಪ್ ಹಾಕಿ ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ನಲವತ್ತು ಅಡಿ ಮೇಲೆ ಬರಲು ಜಾಗ ಆಗುತ್ತದೆ. ಕೊಡಪಾನದಲ್ಲಿ ಸೇದುತ್ತಿದ್ದಾಗ ಮೇಲಿನ ಕೆನೆ ಮಾತ್ರ ತೆಗೆಯುತ್ತಿದ್ದೆವು. ನಾನು 260 ಅಡಿಗೆ ಸ್ಟ್ರಾ ಹಾಕಿ ಬುಡದಿಂದ ಹೀರಿದೆ, ದಿನಕ್ಕೆ ನಾಲ್ಕು ಗಂಟೆ. ಬಾಡಿಗೆಯವರ ವಾಷಿಂಗ್ ಮೆಷಿನ್, ತೋಟಕ್ಕೆ ಪೈಪು, ಎಲ್ಲ ಅದರಿಂದಲೇ.

ಹೊಳೆಯ ಕಡೆಯಿಂದಲೂ ಅದೇ ಪಾಡು. ಬೇಸಿಗೆಯಲ್ಲಿ ಮೇಲಿನಿಂದ ನೀರು ಬರುವುದು ನಿಂತಾಗ ಭರತದ ಜೊತೆ ಕಡಲು ಹೊಳೆಯೊಳಗೆ ಮೈಲಿಗಟ್ಟಲೆ ನುಗ್ಗುತ್ತದೆ. ಅದಕ್ಕೇ ಹಿಂದಿನವರು ಕಟ್ಟ ಹಾಕುತ್ತಿದ್ದರು, ಈಗ ಹಲಗೆ ಇಳಿಸಿ ಕಿಂಡಿ ಮುಚ್ಚುವ ಕಿಂಡಿ ಅಣೆಕಟ್ಟು ಇದೆ. ಹಲಗೆ ಹೊತ್ತಿಗೆ ಸರಿಯಾಗಿ ಇಳಿಸದಿದ್ದರೆ ಅದೂ ಅಷ್ಟೇ. ನಮ್ಮ ಕಡೆ ಹಲಗೆ ಇಳಿಸುವುದು ಯಾರ ಕೆಲಸ ಎನ್ನುವ ಚರ್ಚೆ ಮುಗಿಯುವಷ್ಟರಲ್ಲಿ ಫೆಬ್ರವರಿ ಬಂದಿರುತ್ತದೆ. ಅದನ್ನು ಬರೆಯಲಿಕ್ಕೆ ಕೂತರೆ ಇನ್ನೊಂದು ಪುರಾಣ ಆಗುತ್ತದೆ, ಬಿಡಿ.

ನೀವು ಮಾಡಬೇಕಾದ್ದು ಇಷ್ಟು. ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ನೀವೇ ಒಂದು ಇಟ್ಟುಕೊಳ್ಳಿ. ನಿಮ್ಮಿಂದ ಪಡುವಿಗೆ ಯಾರ ಮನೆಯಲ್ಲಿ ಬೋರ್ ಇದೆ ನೋಡಿ, ಏಪ್ರಿಲ್ ಕೊನೆಯಲ್ಲಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹತ್ತಿರ ಹೋಗಿ ಅಳೆಯಿರಿ. ನವೆಂಬರಿನ ಅಳತೆಗೆ ಕವಡೆ ಕಿಮ್ಮತ್ತಿಲ್ಲ. ಮೀಟರ್ ಒಟ್ಟು ಲೆಕ್ಕ ಮಾತ್ರ ಹೇಳುತ್ತದೆ, ಆದ್ದರಿಂದ ಲ್ಯಾಬಿಗೂ ಕೊಟ್ಟು ಕ್ಲೋರೈಡ್ ಎಷ್ಟು ಅಂತ ಕೇಳಿ. ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಏಜೆಂಟ್ ಹತ್ತಿರ ಕೇಸಿಂಗ್ ಎಷ್ಟು ಅಡಿ, ಮೀರಿದರೆ ಯಾವ ರೇಟು, ಸಂದಿಗೆ ಸಿಮೆಂಟ್ ತುಂಬಿಸುತ್ತಾನೋ ಇಲ್ಲವೋ ಅಂತ ಬರೆಸಿಕೊಳ್ಳಿ. ಬರೆದುಕೊಡಲಿಕ್ಕೆ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು. ರಾತ್ರಿ ಬರುತ್ತೇನೆ ಅಂದರೆ ಬೇಡ ಅನ್ನಿ. ಮುಖ್ಯವಾಗಿ, ಆಚೆಮನೆಯವರನ್ನು ಮೊದಲು ಕೇಳಿ. ನೆಲದಡಿಯ ನೀರಿಗೆ ನಮ್ಮ ನಿಮ್ಮ ಬೇಲಿ ಗೊತ್ತಾಗುವುದಿಲ್ಲ.

2023ರ ಮೇ ತಿಂಗಳಲ್ಲಿ ಪಂಪ್ ಮೇಲೆತ್ತಿ ಬೋರಿನ ಬಾಯಿಗೆ ಮುಚ್ಚಳ ವೆಲ್ಡ್ ಮಾಡಿಸಿದೆ. ತೆರೆದ ಬೋರ್ ಬಿಟ್ಟು ಮಕ್ಕಳು ಬಿದ್ದ ಸುದ್ದಿ ಎಷ್ಟು ಕೇಳಿಲ್ಲ ನಾವು. ಆಮೇಲೆ ಮನೆಯ ಮಾಡಿನ (ಚಾವಣಿಯ) ನೀರನ್ನು ಪೈಪಿನಲ್ಲಿ ಇಳಿಸಿ, ಜಲ್ಲಿ, ಇದ್ದಿಲು, ಹೊಯ್ಗೆ ತುಂಬಿದ ತೊಟ್ಟಿಯ ಮೂಲಕ ಬಾವಿಗೆ ಬಿಟ್ಟೆ. ಮೊದಲ ಎರಡು ಮಳೆಯ ನೀರು ಹೊರಗೆ. ಸಾವಿರ ಚದರಡಿ ಮಾಡಿಗೆ ನಮ್ಮ ಮಳೆಯಲ್ಲಿ ಮೂರೂವರೆ ಲಕ್ಷ ಲೀಟರಿನ ಮೇಲೆ ನೀರು ಬೀಳುತ್ತದೆ. ಅಷ್ಟನ್ನೂ ಇಷ್ಟು ವರ್ಷ ಚರಂಡಿಗೆ ಬಿಟ್ಟಿದ್ದೆವು! ಆಚೆಮನೆಗೂ ನನ್ನ ಖರ್ಚಿನಲ್ಲೇ ಮಾಡಿಸಿಕೊಟ್ಟೆ. ಎರಡು ಮಳೆಗಾಲ ಕಳೆದ ಮೇಲೆ, 2025ರ ಏಪ್ರಿಲಿನಲ್ಲಿ, ನಮ್ಮ ಬಾವಿಯ ಟಿಡಿಎಸ್ 260, ಅವರದ್ದು 340. ಕುಡಿಯಬಹುದು. ಅವರು ಇನ್ನೂ ಕುಡಿಯುತ್ತಿಲ್ಲ. ನಳ್ಳಿ ನೀರು ಹಿಡಿದು ತರುತ್ತಾರೆ, ನಮ್ಮ ಗೇಟಿನ ಮುಂದಿನಿಂದಲೇ.

ಇದನ್ನು ಈಗ ಬರೆಯಲಿಕ್ಕೆ ಕಾರಣ ಇದೆ. ಹೋದ ವಾರ ನಮ್ಮಿಂದ ಪಡುವಿಗೆ ಖಾಲಿ ಇದ್ದ ಜಾಗದಲ್ಲಿ ಹೋಂಸ್ಟೇ ಕಟ್ಟಲಿಕ್ಕೆ ಒಬ್ಬರು ಬೆಂಗಳೂರಿನಿಂದ ಬಂದಿದ್ದಾರೆ. ಒಳ್ಳೆಯ ಜನ. ಮೀಟರ್ ತೆಗೆದುಕೊಂಡು ಹೋಗಿ ಎಲ್ಲ ಹೇಳಿದೆ. ಚಾ ಕೊಟ್ಟು ಪೂರ್ತಿ ಕೇಳಿದರು. ಕೊನೆಗೆ, "ಇಲ್ಲ ಸರ್, ನಮ್ಮ ಏಜೆಂಟ್ ಗ್ಯಾರಂಟಿ ಕೊಟ್ಟಿದ್ದಾರೆ, ನೀರು ಬರದಿದ್ದರೆ ದುಡ್ಡೇ ಬೇಡವಂತೆ" ಅಂದರು. ಅವರ ಜಾಗದಿಂದ ಆಚೆಮನೆ ಬಾವಿಗೆ ನಲವತ್ತು ಮಾರು ಕೂಡ ಇಲ್ಲ.